ಒಲ್ಲೆ ಎನ್ನದ ಗರಗಸ

ಈ ವರ್ಷ ಮೇ ತಿಂಗಳ ಎರಡನೆಯ ಗುರುವಾರ, ಬೆಳಗಿನ ಏಳರ ಸುಮಾರಿಗೆ, ಹಳೆಯ ಬಾಗಲಕೋಟೆಯ ಹಿನ್ನೀರಿನ ದಂಡೆಯಲ್ಲಿ ಸತ್ತು ನಿಂತ ಬೇವಿನ ಮರದ ಬುಡದಲ್ಲಿ ನನ್ನ ಅಣ್ಣನ ಹೊಸ ಯಂತ್ರಗರಗಸ ಚಾಲೂ ಆಗಲಿಲ್ಲ. ಅಣ್ಣ ಚಾಲೂ ಮಾಡುವ ದಾರವನ್ನು ಮೂರು ಸಲ ಎಳೆದ. ಮೂರು ಸಲವೂ ಎಂಜಿನ್ ಕೆಮ್ಮಲಿಲ್ಲ, ಗುಟುರು ಹಾಕಲಿಲ್ಲ. ಸ್ಥಳದಲ್ಲಿ ಮೂವರಿದ್ದೆವು: ಅಣ್ಣ, ಮರಕ್ಕೆ ಹಗ್ಗ ಕಟ್ಟಿ ಜಗ್ಗುವ ಅವನ ಪಾಲುದಾರ, ಮತ್ತು ನಾನು.

ನಾನು ಬಾಗಲಕೋಟೆಯಲ್ಲಿ ಪತ್ರಿಕೆಯೊಂದರ ವರದಿಗಾರ್ತಿ. ಅಂದು ಸುದ್ದಿಗಾಗಿ ಹೋಗಿರಲಿಲ್ಲ. ಆ ಗರಗಸವನ್ನು ಕೊಳ್ಳುವಾಗ ಅಣ್ಣನ ಜೊತೆಗಿದ್ದವಳು ನಾನು, ಅದು ಬೇವಿನ ಮೇಲೆ ಹೇಗೆ ನಡೆಯುತ್ತದೆ ನೋಡೋಣವೆಂದು ಹೋಗಿದ್ದೆ. ನೋಡಿದ್ದನ್ನು ನೋಡಿದ ಹಾಗೆ ಬರೆದಿಡುವುದು ನನಗೆ ರೂಢಿ. ಇಲ್ಲಿಯೂ ಅಷ್ಟನ್ನೇ ಮಾಡುತ್ತೇನೆ.

ಅಣ್ಣ ಹುನಗುಂದದಲ್ಲಿರುತ್ತಾನೆ. ಮರ ಕಡಿಯುವುದು ಅವನ ಕೆಲಸ. ಮನೆಯ ಮೇಲೆ ಬಾಗಿದ ಮರ, ವಿದ್ಯುತ್ ತಂತಿಗೆ ತಾಗುವ ಟೊಂಗೆ, ಒಣಗಿ ನಿಂತ ಮರ, ಇಂಥವು. ಹಸಿರು ಮರವಾದರೆ ಪರವಾನಗಿ ತೋರಿಸುವವರೆಗೆ ಮುಟ್ಟುವುದಿಲ್ಲ. ಅಪ್ಪನೂ ಇದೇ ಕೆಲಸ ಮಾಡುತ್ತಿದ್ದರು, ಕೊಡಲಿಯಿಂದ.

ಅಪ್ಪ ಮರವನ್ನು ಕೇಳಿ ಕಡಿಯುತ್ತಿದ್ದರು. ಹಿಂದಿನ ಸಂಜೆ ಹೋಗಿ ಕೊಡಲಿಯನ್ನು ಬೊಡ್ಡೆಗೆ ಒರಗಿಸಿ ಬರುವುದು. ಮಂತ್ರವಿಲ್ಲ, ಪೂಜೆಯಿಲ್ಲ, ಮಾತೂ ಇಲ್ಲ. ಮುಂಜಾನೆ ಹೋದಾಗ ಕೊಡಲಿ ನಿಂತಿದ್ದರೆ ಕಡಿಯುವುದು, ಬಿದ್ದಿದ್ದರೆ ಎತ್ತಿಕೊಂಡು ಮನೆಗೆ ಬರುವುದು. ಮರದ ಮಾಲೀಕ ಎಷ್ಟು ಬೈದರೂ ಅಂದು ಕಡಿಯುತ್ತಿರಲಿಲ್ಲ. ಗಾಳಿಗೆ ಬಿದ್ದಿರಬಹುದು, ಆಡು ತಾಗಿರಬಹುದು ಎಂದು ಮಾಲೀಕರು ವಾದಿಸುತ್ತಿದ್ದರು. ಅಪ್ಪ, "ಇರಬಹುದ್ರಿ" ಎನ್ನುತ್ತಿದ್ದರು. ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ನಡೆಯುತ್ತಿದ್ದರು.

ಅಣ್ಣ ಗರಗಸ ತಂದಾಗ ಈ ಕ್ರಮಕ್ಕೆ ತೊಡಕಾಯಿತು. ಯಂತ್ರವನ್ನು ಒರಗಿಸಲು ಬರುವುದಿಲ್ಲ. ಅದಕ್ಕೆ ಚಪ್ಪಟೆ ತಳವಿದೆ, ಇಟ್ಟಲ್ಲಿ ಕೂರುತ್ತದೆ. ಬೀಳದ ವಸ್ತುವಿನಿಂದ ಮರ ಬೇಡವೆಂದು ಹೇಳುವುದಾದರೂ ಹೇಗೆ? ಯಾರೂ ಕೂತು ತೀರ್ಮಾನಿಸಲಿಲ್ಲ, ಆದರೆ ವರ್ಷ ಕಳೆಯುವುದರೊಳಗೆ ಹೊಸ ಕ್ರಮವೊಂದು ತಾನಾಗಿ ಬಂತು. ಮರದ ಬುಡದಲ್ಲಿ ನಿಂತು ಅಣ್ಣ ದಾರವನ್ನು ಮೂರು ಸಲ ಎಳೆಯುತ್ತಾನೆ. ಎಂಜಿನ್ ಹತ್ತಿದರೆ ಮರ ಒಪ್ಪಿದಂತೆ. ಹತ್ತದಿದ್ದರೆ ಗರಗಸವನ್ನು ಚೀಲಕ್ಕೆ ಹಾಕಿ, "ಒಲ್ಲೆ ಅಂತೈತಿ" ಎಂದು ಹೊರಡುತ್ತಾನೆ.

ಹಳೆಯ ಗರಗಸ ಹತ್ತದಿರಲು ಕಾರಣಗಳಿದ್ದವು. ಅದು ಕಾರ್ಬುರೇಟರಿನದು. ಪೆಟ್ರೋಲು ಎಷ್ಟು, ಗಾಳಿ ಎಷ್ಟು ಎಂಬುದನ್ನು ಎರಡು ಸಣ್ಣ ತಿರುಪುಗಳಿಂದ ಕೈಯಾರೆ ಹೊಂದಿಸಬೇಕು. ಬೆಳಗಿನ ತಂಪು, ಡಬ್ಬಿಯಲ್ಲಿ ಹಳತಾದ ಪೆಟ್ರೋಲು, ಮಸಿ ಹಿಡಿದ ಪ್ಲಗ್, ಯಾವುದಾದರೂ ಒಂದಿದ್ದರೆ ಸಾಕು, ಮುನಿಸಿಕೊಳ್ಳುತ್ತಿತ್ತು. ಇದನ್ನು ನಾನು ಅಣ್ಣನಿಗೆ ಬಿಡಿಸಿ ಹೇಳಿದ್ದೆ.

"ನೀ ಹೇಳೂದು ಖರೆ ಐತಿ," ಎಂದಿದ್ದ. "ಮನ್ಯಾಗ ಹತ್ತತೈತಿ, ದಾರ್‍ಯಾಗ ಹತ್ತತೈತಿ. ಆ ಗಿಡದ ಬುಡಕ್ಕ ಹೋಗಿ ನಿಂತಾಗನ ಯಾಕ ಒಲ್ಲೆ ಅಂತೈತಿ? ಅದನ್ನ ಹೇಳು."

ಅವನು ಹಾಗೆ ಬಿಟ್ಟುಬಂದ ಮರಗಳಲ್ಲಿ ಒಂದು, ಹುನಗುಂದದ ಹಳೆಯ ವಾಡೆಯ ಹಿತ್ತಲಿನ ಹುಣಸೆ, ಅದೇ ದಿನ ಮಧ್ಯಾಹ್ನ ಗಾಳಿಯಿಲ್ಲದೆ ಉರುಳಿತು. ಒಳಗೆ ಪೂರಾ ಟೊಳ್ಳಾಗಿತ್ತು. ಪಾಲುದಾರ ಹಗ್ಗ ಹಿಡಿದು ನಿಲ್ಲಬೇಕಾಗಿದ್ದ ಜಾಗದ ಮೇಲೆಯೇ ಬಿದ್ದಿತ್ತು. ನಾನು ಹೋಗಿ ನೋಡಿ ಬಂದೆ. ಅಲ್ಲಿಂದ ಮುಂದೆ ಪೆಟ್ರೋಲಿನ ವಿಷಯ ಎತ್ತುವುದನ್ನು ಬಿಟ್ಟೆ.

ಕಳೆದ ಚಳಿಗಾಲದಲ್ಲಿ ಆ ಗರಗಸ ಕೆಟ್ಟಿತು. ರಿಪೇರಿಯವನು ಪಿಸ್ಟನ್ ಬಿಚ್ಚಿ ತೋರಿಸಿದ. ಮೈತುಂಬ ಗೀರು, ಬೆಕ್ಕು ಪರಚಿದ ಹಾಗೆ. ಎಣ್ಣೆ ಬೆರೆತ ಪೆಟ್ರೋಲು ಸಾಲದೆ ಎಂಜಿನ್ ಒಣಗಿ ಓಡಿದೆ, ಅದಕ್ಕೇ ಹೀಗೆ ಎಂದ. ತಿರುಪು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಕಿವಿಯಿಂದ ತಿಳಿಯಬೇಕು. ಪೆಟ್ರೋಲು ಕಡಿಮೆಯಾದರೆ ಎಂಜಿನ್ನಿನ ದನಿ ಸಣ್ಣಗಾಗಿ ಮೇಲೇರಿ ಕಿರುಚುತ್ತದೆ. ಅಣ್ಣನಿಗೆ ಆ ಕಿರುಚು ಕೇಳಿರಲಿಲ್ಲ.

ಬಾಗಲಕೋಟೆಯ ಕಿವಿ ವೈದ್ಯರು ಪರೀಕ್ಷೆ ಮಾಡಿದರು. ಮೇಲಿನ ದನಿಗಳು ಎರಡೂ ಕಿವಿಯಿಂದ ಹೋಗಿವೆ, ಹೋದದ್ದು ಬರುವುದಿಲ್ಲ ಎಂದರು. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿದರು: ಕಿವಿಯೊಳಗೆ ಏನಾದರೂ ಸದ್ದು ಬರುತ್ತದೆಯೇ, ಶಿಳ್ಳೆ, ಜೀರುಂಡೆ, ಹಾಗೆ?

"ಒಳಗ ಇಲ್ರಿ," ಎಂದ ಅಣ್ಣ. "ಹೊರಗ ಬರ್ತೈತಿ."

"ಏನು ಬರ್ತದ?"

"ಮಷೀನ್ದು. ಯಾರೋ ಗಿಡಾ ಕಡ್ಯಾಕತ್ತಾರ‍್ರಿ, ದೂರ."

ವೈದ್ಯರು ಅದನ್ನು ಬರೆದುಕೊಂಡರು. ಕಿವಿ ಕೆಟ್ಟವರಿಗೆ ಇದು ಸಾಮಾನ್ಯ, ಮಿದುಳು ತನಗೆ ಪರಿಚಯದ ಸದ್ದನ್ನೇ ಹುಟ್ಟಿಸಿಕೊಳ್ಳುತ್ತದೆ ಎಂದು ನನಗೆ ಹೇಳಿದರು. ಅಣ್ಣ ಆಗ ಕಿಟಕಿಯ ಕಡೆ ನೋಡುತ್ತಿದ್ದ.

ಮನೆಯಲ್ಲಿ ಇದು ದೊಡ್ಡ ಮಾತಾಯಿತು. ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಅವನು ಈ ಕೆಲಸ ಬಿಡುವುದೇ ಬೇಕಾಗಿತ್ತು. ಮರ ಬೀಳುವ ಮೊದಲು ಒಳಗಿನಿಂದ ಚಟ್ ಎನ್ನುತ್ತದೆ. ಅದು ಕೇಳದವನು ಮರದ ಕೆಳಗೆ ನಿಲ್ಲಬಾರದು ಎನ್ನುವುದು ಆಕೆಯ ಮಾತು. ಅಣ್ಣನಿಗೆ ಬೇರೆ ಕೆಲಸ ಬರುವುದಿಲ್ಲ. ಬರುತ್ತದೆಯೋ ಎಂದು ಯೋಚಿಸಿದವನೂ ಅಲ್ಲ. ಪಾಲುದಾರ ಚಿಕ್ಕಂದಿನ ಗೆಳೆಯ, ಬಾಯಿ ಜೋರು.

"ಲೇ ಕಿವುಡಾ," ಎಂದ ಅವನು ಅಂಗಳದಲ್ಲಿ ಕೂತು, "ನಾ ಓಡು ಅಂದ್ರ ನೀ ಊಟಕ್ಕ ಕರದ ಅಂತ ಬರ್ತಿ. ನಿನ್ನ ಹೆಣಾ ಹೊರಾಕ ನನ್ನ ಬೆನ್ನ ನೆಟ್ಟಗಿಲ್ಲ."

"ಚಟ್ ಅನ್ನೂದು ಕೈಗೆ ತಿಳೀತೈತಿ. ಕಿವಿ ಬೇಕಾಗಿಲ್ಲ."

"ಹಂಗಾದ್ರ ಪಿಸ್ಟನ್ ಯಾಕ ಸುಟ್ಟಿ ಮಗನ? ಕೈ ಎಲ್ಲಿಟ್ಟಿದ್ದಿ?"

ಅಣ್ಣ ನಕ್ಕುಬಿಟ್ಟ. ಕೊನೆಗೆ ಪಾಲುದಾರನೇ ಒಂದು ದಾರಿ ಹೇಳಿದ. ತನ್ನ ಸೊಂಟದಿಂದ ಅಣ್ಣನ ಸೊಂಟಕ್ಕೆ ಒಂದು ತೆಳು ಹಗ್ಗ ಕಟ್ಟುತ್ತೇನೆ, ಜಗ್ಗಿದರೆ ಓಡಬೇಕು. ಆದರೆ ಎಂಜಿನ್ನಿನ ದನಿ ಕೇಳಿ ತಿರುಪು ತಿರುಗಿಸುವ ಗರಗಸ ಇನ್ನು ಬೇಡ. ತನ್ನನ್ನು ತಾನೇ ನೋಡಿಕೊಳ್ಳುವಂಥದು ಬಂದಿದೆಯಂತೆ, ಅದನ್ನು ತಾ. ವೈನಿ ಇದಕ್ಕೆ ಅರೆಮನಸ್ಸಿನಿಂದ ಒಪ್ಪಿದಳು. ಸೂಚನಾ ಪುಸ್ತಕಗಳನ್ನು ಓದಲು ನನ್ನನ್ನು ಕರೆದರು.

ಮೊದಲು ಇಳಕಲ್ಲಿಗೆ ಹೋದೆವು. ಅಲ್ಲಿ ಕಲ್ಲುಗಣಿಯವರಿಗೆ ಯಂತ್ರ ಮಾರುವ ಅಂಗಡಿಯಿದೆ, ಕೆಂಪು ಕಲ್ಲಿನ ಪುಡಿ ಕಪಾಟಿನ ಗಾಜಿನ ಮೇಲೂ ಕೂತಿತ್ತು. ಅಂಗಡಿಯವನು ಎರಡು ಗರಗಸಗಳನ್ನು ಮೇಜಿನ ಮೇಲಿಟ್ಟ. ಎರಡೂ ವೃತ್ತಿಯವರಿಗೆಂದೇ ಮಾಡಿದವು, ಒಂದೇ ಅಳತೆಯ ಅಲಗು, ಒಂದೇ ಶಕ್ತಿ. ಒಂದಕ್ಕೆ ಹಳೆಯ ಕ್ರಮದ ತಿರುಪುಗಳಿದ್ದವು. ಇನ್ನೊಂದರಲ್ಲಿ ತಿರುಪು ಇರುವ ಜಾಗ ನುಣ್ಣಗಿತ್ತು.

"ಇದಕ ಕಣ್ಣಿಲ್ಲ, ಕಿವಿಯಿಲ್ಲ, ಆದ್ರ ಎಲ್ಲಾ ತಿಳೀತೈತ್ರಿ ಬಾಯಾರ," ಎಂದು ಅವನು ನನಗೆ ಹೇಳಿದ. ಒಳಗೆ ಉಗುರಿನಷ್ಟು ದೊಡ್ಡ ಕಂಪ್ಯೂಟರ್ ಇದೆ. ಬ್ಯಾಟರಿ ಬೇಡ, ಎಂಜಿನ್ ತಿರುಗುವಾಗ ಹುಟ್ಟುವ ವಿದ್ಯುತ್ತೇ ಸಾಕು. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಪ್ರತಿ ಸುತ್ತಿಗೂ ನೋಡುತ್ತದೆ. ಪೆಟ್ರೋಲಿನ ಸಣ್ಣ ಕವಾಟವೊಂದನ್ನು ತಾನೇ ತೆರೆಯುತ್ತದೆ, ಮುಚ್ಚುತ್ತದೆ. ಜಾಲಿಯೋ ಬೇವೋ, ತಂಪೋ ಬಿಸಿಲೋ, ಗಾಳಿ ಸೋಸುವ ಜಾಲರಿ ಧೂಳು ಹಿಡಿದಿದೆಯೋ, ಎಲ್ಲಕ್ಕೂ ಹೊಂದಿಕೊಳ್ಳುತ್ತದೆ. ಆರಿಸಿದಾಗ ಎಲ್ಲಿಗೆ ಬಿಟ್ಟಿತ್ತೋ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಅಲ್ಲಿಂದಲೇ ಶುರು ಮಾಡುತ್ತದೆ.

"ನೆನಪಿಟ್ಟಗೊಂತೈತಿ?" ಎಂದ ಅಣ್ಣ. ಅಂಗಡಿಯವನ ತುಟಿಗಳನ್ನೇ ನೋಡುತ್ತಿದ್ದ.

"ಕಡೀಕ ಕಡದ ಗಿಡದ ತನಕ ನೆನಪಿರ್ತೈತ್ರಿ."

"ಒಲ್ಲೆ ಅಂದ್ರ?"

"ಯಾರು?"

"ಮಷೀನು."

ಅಂಗಡಿಯವನು ನನ್ನತ್ತ ನೋಡಿದ. ಹತ್ತದಿದ್ದರೆ ಏನು ಮಾಡಬೇಕೆಂದು ಕೇಳುತ್ತಿದ್ದಾನೆ ಎಂದು ಹೇಳಿದೆ.

"ಅದ ಇದರ ಗಮ್ಮತ್ತು! ಇದು ಒಲ್ಲೆ ಅನ್ನಂಗಿಲ್ರಿ. ಒಂದು ಜಗ್ಗಿದ್ರ ಹತ್ತತೈತಿ. ಭಾಳ ಆದ್ರ ಎರಡು."

ಅಣ್ಣ ಆ ಗರಗಸವನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡ. ತಿರುಪಿನ ಗರಗಸವನ್ನು ಎತ್ತಿಕೊಂಡು, ಅದರ ತಿರುಪಿನ ಮೇಲೆ ಹೆಬ್ಬೆರಳಾಡಿಸುತ್ತ ಬಹಳ ಹೊತ್ತು ನಿಂತ. ಆಗ ನನಗೆ ಅವನ ಇಕ್ಕಟ್ಟು ಅರ್ಥವಾಯಿತು. ತಿರುಪಿನದು ಒಲ್ಲೆ ಎನ್ನಬಲ್ಲದು, ಆದರೆ ಅದಕ್ಕೆ ಅವನ ಕಿವಿ ಬೇಕು. ಇನ್ನೊಂದಕ್ಕೆ ಕಿವಿ ಬೇಡ, ಆದರೆ ಅದು ಎಲ್ಲಕ್ಕೂ ಹೂಂ ಎನ್ನುತ್ತದೆ.

ಬಸ್ಸಿನಲ್ಲಿ ಹಿಂದಿರುಗುವಾಗ ನಾನು ನನ್ನ ಪಟ್ಟಿಯನ್ನು ಅವನಿಗೆ ಓದಿದೆ. ತೂಕ ಎರಡಕ್ಕೂ ಸಮ. ನಡುಕ ತಡೆಯುವ ಸ್ಪ್ರಿಂಗು ಎರಡರಲ್ಲೂ ಇವೆ. ಕಂಪ್ಯೂಟರಿನದು ಕೆಟ್ಟರೆ ಕೇಬಲ್ ಹಾಕಿ ನೋಡಬೇಕು, ಆ ಕೇಬಲ್ ಬಾಗಲಕೋಟೆಯ ಅಂಗಡಿಯೊಂದರಲ್ಲಿ ಮಾತ್ರ ಇದೆ. ಆದರೆ ಪಿಸ್ಟನ್ ಸುಡುವ ಭಯವಿಲ್ಲ. ನನ್ನ ಸಲಹೆ ಅದೇ. ಅಣ್ಣ ತಲೆಯಾಡಿಸಿದ. ಎಷ್ಟು ಕೇಳಿಸಿತೋ ತಿಳಿಯದು. ಬಸ್ಸು ಮುಂದಕ್ಕೆ ಹೋಗುತ್ತಿತ್ತು, ಅವನು ಎಡಗಡೆಯ ಹೊಲಗಳಾಚೆ ಎತ್ತಲೋ ನೋಡುತ್ತಿದ್ದ.

"ಗಿಡಾ ಕಡ್ಯೂ ಮಂದಿ," ಎಂದ. "ಹೊತ್ತು ಮುಣುಗಾಕ ಬಂತು, ಇನ್ನಾ ಬಿಟ್ಟಿಲ್ಲ."

ಕಂಪ್ಯೂಟರಿನ ಗರಗಸವನ್ನು ಬಾಗಲಕೋಟೆಯ ಅಂಗಡಿಯಲ್ಲೇ ಕೊಂಡೆವು. ಬಂದ ಶನಿವಾರ ಅದನ್ನು ಪೂಜೆಗೆಂದು ತುಳಸಿಗೇರಿ ಹನುಮಪ್ಪನ ಗುಡಿಗೆ ಒಯ್ದೆವು. ಹೊಸ ಟ್ರ್ಯಾಕ್ಟರು, ಹೊಸ ಬೈಕುಗಳ ಸಾಲಿನಲ್ಲಿ ಗರಗಸಕ್ಕೂ ಕುಂಕುಮ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದೆವು. ಅಲ್ಲಿ, ಗುಡಿಯ ಮುಂದೆ, ವೈನಿ ತನ್ನ ಮಾತು ತೆಗೆದಳು.

"ಹನುಮಪ್ಪನ ಮುಂದ ಒಂದು ಮಾತು ಕೊಡ್ರಿ. ಗಿಡದ ಬುಡಕ್ಕ ಮೂರು ಸಲ ಜಗ್ಗಿ ಇದು ಹತ್ತಲಿಲ್ಲಂದ್ರ, ಆ ಗಿಡಾ ಅಷ್ಟ ಅಲ್ಲ, ಈ ಕೆಲಸಾನ ಬಿಡಬೇಕು. ಅವತ್ತಿಂದನ."

"ಏ ಹುಚ್ಚಿ, ಅಂಗಡ್ಯಾಂವ ಏನಂದಾನ ಗೊತ್ತೈತಿಲ್ಲ? ಇದು ಒಲ್ಲೆ ಅನ್ನಂಗಿಲ್ಲಂತ."

"ಹಂಗಿದ್ರ ಮಾತು ಕೊಡಾಕ ಯಾಕ ಅಂಜತೀರಿ?"

ಪಾಲುದಾರ ಬಾಳೆಹಣ್ಣು ತಿನ್ನುತ್ತ, "ಕೊಡಲೇ, ಪುಕ್ಕಟೆ ಐತಿ" ಎಂದ. ಅಣ್ಣ ನಗುತ್ತಲೇ ಅಂಗೈಯನ್ನು ಹೊಸ್ತಿಲ ಮೇಲಿಟ್ಟು ಮಾತು ಕೊಟ್ಟ. ನಾವು ಮೂವರೂ ಕೇಳಿದೆವು.

ಹೊಸ ಗರಗಸ ಹೇಳಿದ ಹಾಗೆ ನಡೆದುಕೊಂಡಿತು. ಫೆಬ್ರುವರಿ, ಮಾರ್ಚಿನಲ್ಲಿ ಅವರು ಕಡಿದ ಎಲ್ಲ ಮರಗಳ ಬುಡದಲ್ಲೂ ಮೊದಲ ಎಳೆತಕ್ಕೇ ಹತ್ತಿತು. ಪಾಲುದಾರನಿಗೆ ಮೊದಮೊದಲು ಖುಷಿಯಾಗಿತ್ತು. ಆಮೇಲೆ ಆ ಖುಷಿ ಇಳಿಯಿತು. ಹಿಂದೆ ದಾರ ಎಳೆಯುವಾಗ ಇಬ್ಬರೂ ಉಸಿರು ಹಿಡಿಯುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಈಗ ನೋಡಲು ಏನೂ ಇರಲಿಲ್ಲ. "ಕೇಳೂಕ ಮೊದಲ ಹೂಂ ಅಂತೈತಿ," ಎಂದ ಪಾಲುದಾರ ನನ್ನೊಡನೆ. "ಗಿಡಾ ಹೂಂ ಅಂತೋ, ಇದ ಅಂತೋ, ಯಾರಿಗ್ಗೊತ್ತು."

ಮಾರ್ಚಿನ ಕೊನೆಯಲ್ಲಿ ಬಾದಾಮಿಯಲ್ಲಿ ಕೆಲಸವಿತ್ತು, ಗುಡ್ಡದ ಮಗ್ಗುಲಿನ ಓಣಿಯಲ್ಲಿ ಒಂದು ಒಣ ಬಸರಿಮರ. ಬೇರೆ ವರದಿಗೆಂದು ಅದೇ ಊರಿಗೆ ಹೋಗಿದ್ದ ನಾನು ಮಧ್ಯಾಹ್ನ ಅಲ್ಲಿಗೂ ಹೋದೆ. ಗರಗಸ ಓಡುವಾಗ ಕೆಂಪು ಬಂಡೆ ಅದರ ಸದ್ದನ್ನು ವಾಪಸು ಕಳಿಸುತ್ತಿತ್ತು, ಎರಡು ಗರಗಸ ಓಡಿದ ಹಾಗೆ. ಅಣ್ಣ ಗುಂಡಿ ಒತ್ತಿ ಆರಿಸಿದ. ಬಂಡೆಯ ಸದ್ದೂ ನಿಂತಿತು. ಓಣಿಯಲ್ಲಿ ಮಂಗಗಳೂ ಸದ್ದು ಮಾಡಲಿಲ್ಲ.

ಅಣ್ಣ ತಲೆಗವಚ ತೆಗೆದು ಕುತ್ತಿಗೆ ವಾಲಿಸಿದ. "ಅಂವ ಇನ್ನಾ ಕಡ್ಯಾಕತ್ತಾನ ನೋಡು."

"ಎಲ್ಲಿ?"

ಕೈ ಚಾಚಿ ತೋರಿಸಿದ. ಗುಡ್ಡದ ಕಡೆಗಲ್ಲ, ಬಾಗಲಕೋಟೆಯ ರಸ್ತೆ ಹೋಗುವ ಉತ್ತರದ ಕಡೆಗೆ.

"ಎಂಥಾ ಮಷೀನು?"

"ತಿರುಪಿಂದು. ಪೆಟ್ರೋಲ್ ಕಮ್ಮಿ ಬಿಟ್ಟಾನ, ಚೀರಾಕತ್ತೈತಿ. ಸುಡ್ತಾನ ಒಂದಿನ." ಸ್ವಲ್ಪ ತಡೆದು, "ಹಲ್ಲೂ ಮೊಂಡ ಆಗ್ಯಾವ. ಒಳಗ ಉಸುಕು ಐತಿ ಅದರಾಗ" ಎಂದ.

ಅವನ ಕಿವಿಗೆ ಹೋಗಿದ್ದುದು ಮೇಲಿನ ದನಿಗಳು. ತನ್ನದೇ ಗರಗಸ ಚೀರಿದ್ದು ಕೇಳದವನು ಇದನ್ನು ಕೇಳುತ್ತಿದ್ದ. ನಾನು ಪಾಲುದಾರನನ್ನು ನೋಡಿದೆ. ಅವನು ಹಗ್ಗ ಸುತ್ತುತ್ತಿದ್ದ, ತಲೆ ಎತ್ತಲಿಲ್ಲ.

ಯುಗಾದಿಗೆ ಹುನಗುಂದಕ್ಕೆ ಹೋದಾಗ ಊಟವಾದ ಮೇಲೆ ಅಂಗಳದಲ್ಲಿ ಕೂತಿದ್ದೆವು. ಅಣ್ಣನಿಗೆ ಮತ್ತೆ ಸದ್ದು ಬಂತು. ಈ ಸಲ ತೋರಿಸಿದ್ದು ನೀರಿನ ಟಾಕಿ ಮತ್ತು ಪಕ್ಕದ ಮನೆಯ ಗೋಡೆಯ ನಡುವಿನ ಸಂದಿಯನ್ನು, ಅಂದರೆ ವಾಯವ್ಯದ ಕಡೆ. ಹುನಗುಂದದಿಂದ ಬಾಗಲಕೋಟೆ ಅದೇ ದಿಕ್ಕಿಗಿದೆ. ಇಳಕಲ್ಲಿನ ಬಸ್ಸಿನಲ್ಲಿ ಎಡಕ್ಕೆ ನೋಡಿದ್ದೂ ನೆನಪಾಯಿತು. ನನ್ನ ಫೋನಿನಲ್ಲಿ ನಕ್ಷೆ ಇತ್ತು, ತೆರೆಯಲಿಲ್ಲ.

ಬೇವಿನ ಕೆಲಸ ಬಂದದ್ದು ಏಪ್ರಿಲಿನಲ್ಲಿ. ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದಾಗ ಮನೆಗಳನ್ನು ಕೆಡವಿದರು. ಮರಗಳಲ್ಲಿ ಕೆಲವು ಹಾಗೇ ಉಳಿದವು. ಮಳೆಗಾಲದಿಂದ ಚಳಿಗಾಲದವರೆಗೆ ನೀರಿನಲ್ಲಿ, ಬೇಸಿಗೆಯಲ್ಲಿ ಕೆಸರಿನ ಮೇಲೆ. ಈ ಬೇವು ಯಾರದೋ ಹಿತ್ತಲಿನದು, ಬುಡದಲ್ಲಿ ಇನ್ನೂ ಬಟ್ಟೆ ಒಗೆಯುವ ಕಲ್ಲಿದೆ. ನೀರು ತುಂಬಿದಾಗ ತುದಿಯ ಕವಲೊಂದೇ ಮೇಲೆ ಕಾಣುತ್ತದೆ, ಬೆಳ್ಳಕ್ಕಿ ಕೂರುತ್ತವೆ. ಕೆಳಗಿನ ಟೊಂಗೆಗಳಿಗೆ ಬಲೆ ಸಿಕ್ಕಿ ಹರಿಯುತ್ತದೆಂದು ಮೀನುಗಾರರು ಅದನ್ನು ತೆಗೆಸಬೇಕೆಂದಿದ್ದರು. ಪರವಾನಗಿಯೂ ಸಿಕ್ಕಿತ್ತು. ಅವರಲ್ಲಿ ಹಿರಿಯನಾದವನು ನನ್ನ ಅಣ್ಣನಿಗೆ ಫೋನ್ ಮಾಡಿದ್ದ.

ಆ ಗುರುವಾರ ಬೆಳಿಗ್ಗೆ ನಾವು ಮೂವರು ದಂಡೆ ಇಳಿದೆವು. ಕೆಸರು ಒಣಗಿ ಬಿರಿದಿತ್ತು, ಕಾಲಿಟ್ಟಲ್ಲಿ ಹೆಂಚಿನ ಚೂರು, ಗೋಡೆಯ ಅಡಿಪಾಯದ ಗೆರೆಗಳು. ಒಬ್ಬರ ಅಡುಗೆಮನೆಯ ಮೂಲಕ ಇನ್ನೊಬ್ಬರ ಪಡಸಾಲೆಗೆ ನಡೆದುಹೋಗುತ್ತಿದ್ದೇವೆ ಎಂದು ಪಾಲುದಾರ ತಮಾಷೆ ಮಾಡಿದ. "ಚಪ್ಪಲ್ ಬಿಡ್ರಿ, ಬೈತಾರ" ಎಂದ. ಅಣ್ಣ ನಗಲಿಲ್ಲ. ದಂಡೆಯ ಮೇಲಿಂದಲೇ ಅವನು ತಲೆ ವಾಲಿಸಿಕೊಂಡು ನಡೆಯುತ್ತಿದ್ದ. ಮರ ಹತ್ತಿರವಾದಂತೆ ಹೆಜ್ಜೆ ನಿಧಾನವಾಯಿತು. ಒಗೆಯುವ ಕಲ್ಲಿನ ಬಳಿ ನಿಂತುಬಿಟ್ಟ.

"ನಿಂತತು," ಎಂದ.

"ಏನಣ್ಣಾ?"

"ಮಷೀನು. ಆರಿಸಿದಾ."

ಸುತ್ತ ನೋಡಿದೆವು. ಬಯಲು. ದೂರ ನೀರಿನಲ್ಲಿ ಎರಡು ದೋಣಿ, ಹುಟ್ಟು ಹಾಕುತ್ತಿರಲಿಲ್ಲ. ಮರದ ಬೊಡ್ಡೆಯ ಮೇಲೆ ನೀರಿನ ಗೆರೆಗಳು ಒಂದರ ಮೇಲೊಂದು, ಬೂದು ಬಣ್ಣದವು. ಪಾಲುದಾರ ತೊಗಟೆ ಇದ್ದ ಜಾಗವನ್ನು ಚಾಕುವಿನಿಂದ ಕೆರೆದ. ಮರದ ಬಿರುಕುಗಳ ತುಂಬ ಉಸುಕಿತ್ತು. ಅವನು ಚಾಕುವನ್ನು ಪ್ಯಾಂಟಿಗೆ ಒರೆಸಿ ಮಡಚಿದ.

"ಬ್ಯಾಡ ಬಿಡಲೇ," ಎಂದ. ಅವನು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಕೇಳೋಣು," ಎಂದ ಅಣ್ಣ.

ಗರಗಸವನ್ನು ನೆಲದ ಮೇಲಿಟ್ಟು, ಹಿಂದಿನ ಹಿಡಿಕೆಯ ಮೇಲೆ ಬೂಟುಗಾಲಿಟ್ಟು, ಎಡಗೈಯಿಂದ ಮುಂದಿನ ಹಿಡಿಕೆಯನ್ನು ಅದುಮಿ, ಬಲಗೈಯಿಂದ ದಾರ ಎಳೆದ. ಹತ್ತಲಿಲ್ಲ. ಪಾಲುದಾರನ ಮುಖ ನೋಡಿದ. ಎರಡನೆಯ ಸಲ ಎಳೆಯುವ ಮುನ್ನ ಕುಕ್ಕರಿಸಿ ಕೂತ, ಎಡಗೈಯನ್ನು ಹಿಂದಕ್ಕೆ ಸರಿಸಿ ಹಿಡಿದ. ಹತ್ತಲಿಲ್ಲ. ಮೂರನೆಯ ಸಲ ನಾನು ಫೋನಿನಲ್ಲಿ ಚಿತ್ರ ತೆಗೆದೆ. ಹತ್ತಲಿಲ್ಲ.

ಅಣ್ಣ ಎದ್ದು ತಲೆಗವಚ ತೆಗೆದ. ಬೆವರು ಒರೆಸಿಕೊಂಡ. ನಾನು ಇನ್ನೊಂದು ಸಲ ಎಳೆದು ನೋಡೆಂದೆ, ಕಾರಣ ತಿಳಿಯಬೇಕಲ್ಲ ಎಂದೆ.

"ಸಾಕವ್ವಾ. ಕೇಳಿದ್ದಾತು."

ದಂಡೆ ಹತ್ತಿದ ಮೇಲೆ ಪಾಲುದಾರ ಅವನ ಕೈಯಿಂದ ಗರಗಸ ಕಸಿದುಕೊಂಡು ರಸ್ತೆಯ ಮೇಲಿಟ್ಟು ದಾರ ಎಳೆದ. ಮೊದಲ ಎಳೆತಕ್ಕೇ ಹತ್ತಿತು. ತಕ್ಷಣ ಆರಿಸಿದ. ಆ ಮೌನದಲ್ಲಿ ಅಣ್ಣ ನಾವು ಬಂದ ದಿಕ್ಕಿಗೆ, ಮರದ ಕಡೆಗೆ ತಿರುಗಿ ನಿಂತಿದ್ದ.

"ಮತ್ತ ಚಾಲೂ ಮಾಡ್ಯಾನ," ಎಂದ.

ಅಂದೇ ಗರಗಸವನ್ನು ಬಾಗಲಕೋಟೆಯ ಅಂಗಡಿಗೆ ಒಯ್ದೆ. ಅವರು ಕೇಬಲ್ ಹಾಕಿ ಪರದೆಯ ಮೇಲೆ ನೋಡಿದರು. ಕವಾಟ ಸರಿ, ಕಿಡಿ ಸರಿ, ಏನೂ ದೋಷವಿಲ್ಲ. "ಗುಂಡಿ ಒತ್ತಿ ಹಿಡಿದಿದ್ರೇನ್ರಿ?" ಎಂದು ಕೇಳಿದರು. ಆರಿಸುವ ಗುಂಡಿ ಹಿಂದಿನ ಹಿಡಿಕೆಯ ಮೇಲ್ಭಾಗದಲ್ಲಿದೆ. ಬೆರಳು ಬಿಟ್ಟರೆ ತಾನೇ ಮೇಲೆ ಬರುತ್ತದೆ. ಒತ್ತಿಯೇ ಹಿಡಿದರೆ ಕಿಡಿ ಹುಟ್ಟುವುದಿಲ್ಲ, ಎಷ್ಟು ಎಳೆದರೂ ಹತ್ತುವುದಿಲ್ಲ.

ಹೊರಗೆ ಬಂದು ಫೋನಿನ ಚಿತ್ರ ತೆರೆದು ದೊಡ್ಡದು ಮಾಡಿದೆ. ಮೂರನೆಯ ಎಳೆತ. ಬಲಗೈ ದಾರದ ಮೇಲೆ. ಎಡಗೈ ಹಿಂದಿನ ಹಿಡಿಕೆಯ ಮೇಲೆ, ಹೆಬ್ಬೆರಳು ಗುಂಡಿ ಇರುವ ಜಾಗದಲ್ಲಿದೆ. ಒತ್ತಿದೆಯೋ, ಸುಮ್ಮನೆ ಇದೆಯೋ ಚಿತ್ರದಲ್ಲಿ ತಿಳಿಯುವುದಿಲ್ಲ. ಮೊದಲನೆಯ ಎಳೆತದಲ್ಲಿ ಎಡಗೈ ಮುಂದಿನ ಹಿಡಿಕೆಯ ಮೇಲಿತ್ತು, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಗಲೂ ಹತ್ತಿರಲಿಲ್ಲ.

ಚಿತ್ರವನ್ನು ಅಣ್ಣನಿಗೆ ತೋರಿಸಿದೆ. ಫೋನನ್ನು ದೂರ ಹಿಡಿದು ನೋಡಿ ವಾಪಸು ಕೊಟ್ಟ.

"ಚಲೋ ಬಂದೈತಿ," ಎಂದ.

ಮಾತಿಗೆ ತಪ್ಪಲಿಲ್ಲ. ಅಂದಿನಿಂದ ಅಣ್ಣ ಮರ ಕಡಿದಿಲ್ಲ. ವೈನಿ ಗರಗಸವನ್ನು ಒರೆಸಿ, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಮೊದಲ ಒಂದು ತಿಂಗಳು ಅಣ್ಣ ಮುಂಜಾನೆ ಎದ್ದು ಬೂಟು ಹಾಕಿಕೊಂಡು ಅಂಗಳದಲ್ಲಿ ಕೂರುತ್ತಿದ್ದ. ಆಮೇಲೆ ಬೂಟನ್ನು ಪಾಲುದಾರನಿಗೆ ಕೊಟ್ಟ. ಈಗ ಬೇರೆ ಮರ ಕಡಿಯುವವರ ಗರಗಸದ ಹಲ್ಲು ಮಸೆದು ಕೊಡುತ್ತಾನೆ. ಆ ಕೆಲಸಕ್ಕೆ ಕಣ್ಣು ಸಾಕು. ಪಾಲುದಾರ ಸಂಜೆ ಬಂದು ಎದುರಿಗೆ ಕೂತು ಬೈಯುತ್ತಾನೆ: "ಬಾಯಿಗೆ ಬಂದಂಗ ಬೈದ್ರೂ ಕೇಳಸಂಗಿಲ್ಲ ಈ ಮಗನಿಗೆ. ಬೈದದ್ದೆಲ್ಲಾ ದಂಡ."

ಆದರೆ ಆ ಸದ್ದು ಅವನಿಗೆ ಕೇಳುತ್ತಲೇ ಇತ್ತು. ಜೂನಿನಲ್ಲಿ ದಿನವೂ ಎಂದ. ಜುಲೈಯಲ್ಲಿ ಹಿನ್ನೀರು ಏರಿ, ತುದಿಯ ಕವಲೊಂದನ್ನು ಬಿಟ್ಟು ಮರ ಮುಳುಗಿತು. ಆಮೇಲೂ ಕೇಳುತ್ತದೆ ಎಂದ, ಆದರೆ ದನಿ ದಪ್ಪಗಾಗಿದೆ, ಕೊಡದೊಳಗೆ ಮಾತಾಡಿದ ಹಾಗೆ. ದೀಪಾವಳಿಗೆ ಹೋದಾಗ ಕೇಳಿದೆ. ಹೋಳಿಗೆ ಮುರಿಯುತ್ತ, "ಅರ್ಧ ದಾಟ್ಯಾನ" ಎಂದ. ವೈನಿ ತಾಟಿಗೆ ಇನ್ನಷ್ಟು ತುಪ್ಪ ಹಾಕಿದಳು.

ವೈದ್ಯರಿಗೆ ಮತ್ತೊಮ್ಮೆ ತೋರಿಸಿದೆವು. ಬಲಗಿವಿ ಪೂರಾ ಹೋಗಿದೆ ಎಂದರು. ಎಡಗಿವಿಯಲ್ಲಿ ಸ್ವಲ್ಪ ಉಳಿದಿದೆ.

ನಿನ್ನೆ ಸಂಜೆ ವೈನಿ ಫೋನ್ ಮಾಡಿದ್ದಳು. ಅಣ್ಣ ಹಲ್ಲು ಮಸೆಯುತ್ತಿದ್ದವನು ಕೈ ನಿಲ್ಲಿಸಿ, "ಬಿತ್ತು" ಎಂದನಂತೆ. ಏನು ಎಂದು ಕೇಳಿದರೆ ಮತ್ತೆ ಹೇಳಲಿಲ್ಲವಂತೆ. ಆಮೇಲೆ ಈ ಹೊತ್ತಿನ ತನಕ ಅವನಿಗೆ ಯಾವ ಸದ್ದೂ ಕೇಳಿಲ್ಲ.

ಇಂದು ಬೆಳಿಗ್ಗೆ ನಾನು ಮೀನುಗಾರರ ಹಿರಿಯನಿಗೆ ಫೋನ್ ಮಾಡಿದೆ. ಬೇವನ್ನು ಕಡಿಯಲು ಬೇರೆ ಯಾರನ್ನೂ ಕರೆದಿಲ್ಲ ಎಂದ. ದೋಣಿಯಲ್ಲೇ ಇದ್ದ, ಅಲ್ಲಿಂದಲೇ ನೋಡಿ ಹೇಳಿದ. ಹಿನ್ನೀರಿನ ಮಟ್ಟ ನಿನ್ನೆ ಇದ್ದಷ್ಟೇ ಇದೆ. ನಿನ್ನೆ ಬೆಳ್ಳಕ್ಕಿ ಕೂತಿದ್ದ ಕವಲು ಇಂದು ನೀರಿನ ಮೇಲೆ ಕಾಣುತ್ತಿಲ್ಲ.